ಮಿಲಿಟರಿ ಗಾಡಿಗಳನ್ನು ಅಶ್ವಶಕ್ತಿಯಿಂದ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಸೇನೆಯ ಹಳೆಯ ಮತ್ತು ಹೊಸ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಹೋಲಿಸುವ ಬರಹಗಳಲ್ಲಿ ಎಂಜಿನ್ ಗಾತ್ರ, ಅಶ್ವಶಕ್ತಿ, ಗರಿಷ್ಠ ವೇಗ ಇವಿಷ್ಟೇ ಹೆಚ್ಚಾಗಿ ಕಾಣುತ್ತವೆ. 1941ರ ವಿಲ್ಲಿಸ್ ಜೀಪಿಗೆ 60 ಅಶ್ವಶಕ್ತಿ, 1985ರಲ್ಲಿ ಅಮೆರಿಕದ ಸೇನೆ ಸೇರಿದ ಹಮ್ವೀಗೆ 150. ಹೀಗೆ ಬರೆದರೆ ಯಾವುದು ಮೇಲು ಎಂದು ಕೇಳುವ ಪ್ರಶ್ನೆಯೇ ಉಳಿಯುವುದಿಲ್ಲ. ಆದರೆ ಕೆಸರಿನಲ್ಲೋ ಮರಳಿನಲ್ಲೋ ಗಾಡಿ ದಾಟುತ್ತದೆಯೇ ಹೂತುಹೋಗುತ್ತದೆಯೇ ಎಂಬುದು ಈ ಅಂಕಿಗಳಿಂದ ತಿಳಿಯದು. ಇಂಥ ಹೋಲಿಕೆ ಪ್ರಕಟಿಸುವಾಗ ಖಾಲಿ ತೂಕ, ಹೊರೆಸಹಿತ ತೂಕ, ಲೋ ಗೇರಿನ (ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಗೇರಿನ) ಒಟ್ಟು ಅನುಪಾತ, ಟೈರಿನ ಗಾತ್ರ, ಡಿಫರೆನ್ಶಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ) ಯಾವ ಬಗೆಯದು ಎಂಬ ಐದು ವಿವರಗಳನ್ನಾದರೂ ಕೊಡಿ ಎಂದು ಕೋರುತ್ತೇನೆ. ಕಾರಣಗಳನ್ನು ಕೆಳಗೆ ವಿವರಿಸಿದ್ದೇನೆ.

ಮೊದಲು ತೂಕ. 1940ರಲ್ಲಿ ಅಮೆರಿಕದ ಸೇನೆ ಕೇಳಿದ್ದು ಕೇವಲ 590 ಕೆ.ಜಿ. ತೂಗುವ ಗಾಡಿಯನ್ನು. ಅದು ಆಗದ ಮಾತು ಎಂದು ಗೊತ್ತಾದ ಮೇಲೆ ಮಿತಿಯನ್ನು 980 ಕೆ.ಜಿ.ಗೆ ಏರಿಸಿದರು. ಕೊನೆಗೆ ಯುದ್ಧಕ್ಕೆ ಹೋದ ವಿಲ್ಲಿಸ್ ಎಂಬಿ ಜೀಪು ಸುಮಾರು 1,100 ಕೆ.ಜಿ. ಇತ್ತು. 360 ಕೆ.ಜಿ. ಹೊರೆ ಹೇರಿದರೆ ಒಟ್ಟು 1,475 ಕೆ.ಜಿ.ಯಷ್ಟಾಗುತ್ತದೆ, ಅಂದರೆ ಟನ್ನಿಗೆ ಸುಮಾರು 40 ಅಶ್ವಶಕ್ತಿ. ಹಮ್ವೀಯ ಮೊದಲ ಮಾದರಿ ಎಂ998 ಖಾಲಿಯಿದ್ದಾಗ ಸುಮಾರು 2,350 ಕೆ.ಜಿ., ಪೂರ್ಣ ಹೊರೆಯಲ್ಲಿ 3,500 ಕೆ.ಜಿ. ಅದರ ಲೆಕ್ಕ ಟನ್ನಿಗೆ 43. ಮುಂದೆ ರಕ್ಷಾಕವಚ ಹೊದಿಸಿದ ಎಂ1114 ಬಂತು. 6.5 ಲೀಟರ್ ಟರ್ಬೊ ಡೀಸೆಲ್ ಎಂಜಿನ್ನಿನಿಂದ ಶಕ್ತಿಯೇನೋ 190ಕ್ಕೆ ಏರಿತು, ಆದರೆ ಹೊರೆಸಹಿತ ತೂಕ 5,500 ಕೆ.ಜಿ. ಮುಟ್ಟಿತು. ಟನ್ನಿಗೆ ಉಳಿದದ್ದು 35. ಕವಚದ ಹಮ್ವೀಗೆ ಹೊರೆ ಹೊತ್ತ 1941ರ ಜೀಪಿನಷ್ಟೂ ಚುರುಕು ಇರಲಿಲ್ಲ ಎಂಬುದನ್ನು ಅಶ್ವಶಕ್ತಿಯ ಪಟ್ಟಿ ಮುಚ್ಚಿಡುತ್ತದೆ.

ಇದು ಎಂಜಿನಿಯರುಗಳ ತಪ್ಪಲ್ಲ. ಹಮ್ವೀ ಹುಟ್ಟಿದ್ದು ಮುಂಚೂಣಿಯ ಹಿಂದೆ ಓಡಾಡಲು, ಹಲವು ಮಾದರಿಗಳಿಗೆ ಬಟ್ಟೆಯ ಬಾಗಿಲೇ ಇತ್ತು. ರಸ್ತೆಬದಿಯ ಬಾಂಬುಗಳ ಕಾಲದಲ್ಲಿ ಅದೇ ಚಾಸಿಸ್ ಮೇಲೆ ಉಕ್ಕು ಹೊರಿಸಿದಾಗ ಸ್ಪ್ರಿಂಗ್, ಬಾಲ್ ಜಾಯಿಂಟ್, ಬ್ರೇಕ್ ಎಲ್ಲವೂ ಬೇಗ ಸವೆದವು, ಗುರುತ್ವ ಕೇಂದ್ರ ಮೇಲೇರಿ ಮಗುಚುವ ಭಯ ಹೆಚ್ಚಿತು. 2015ರಲ್ಲಿ ಆಯ್ಕೆಯಾದ ಓಶ್‌ಕೋಶ್ ಕಂಪನಿಯ ಜೆಎಲ್‌ಟಿವಿ ಎಂಬ ಕವಚದ ಗಾಡಿಯಲ್ಲಿ ಕವಚದ ಭಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಸಸ್ಪೆನ್ಷನ್ ಮಾಡಿದ್ದಾರೆ. ಅದರ ಚಕ್ರ 508 ಮಿ.ಮೀ. ಮೇಲೆ ಕೆಳಗೆ ಆಡಬಲ್ಲದು. ಒಳಗಿರುವವರ ಜೀವ ಉಳಿಸುವುದರಲ್ಲಿ ಹಳೆಯದೊಂದೂ ಇದರ ಹತ್ತಿರ ಸುಳಿಯದು. ಆದರೆ ಖಾಲಿ ಗಾಡಿಯೇ ಆರು ಟನ್ ದಾಟುತ್ತದೆ. ಚರಂಡಿಗೆ ಇಳಿದ ಜೀಪನ್ನು ನಾಲ್ಕಾರು ಸೈನಿಕರು ಕೈಹಾಕಿ ಎತ್ತಿ ಸರಿಸಬಹುದಿತ್ತು. ಇದನ್ನು ಎಳೆಯಲು ಇಷ್ಟೇ ದೊಡ್ಡ ಇನ್ನೊಂದು ಗಾಡಿ ಬೇಕು.

ಇನ್ನು ಲೋ ಗೇರ್. ಜೀಪಿನ ಮೊದಲ ಗೇರ್ 2.665, ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಆ್ಯಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ) ಲೋ 1.97, ಆ್ಯಕ್ಸಲ್ 4.88. ಮೂರನ್ನೂ ಗುಣಿಸಿದರೆ 25.6. ಮೊದಲ ಹಮ್ವೀಯಲ್ಲಿ ಮೊದಲ ಗೇರ್ 2.48, ಲೋ 2.61, ಡಿಫರೆನ್ಶಿಯಲ್ 2.73, ಚಕ್ರದ ಹಬ್ಬಿನೊಳಗಿನ (ನಡುಭಾಗದ) ಹಲ್ಲುಚಕ್ರ 1.92; ಗುಣಲಬ್ಧ ಸುಮಾರು 34. ಹಮ್ವೀ ಬಹಳ ಮುಂದಿದೆ ಎನಿಸುತ್ತದೆ. ಆದರೆ ಅದರ ಟೈರು ಸುಮಾರು 36 ಇಂಚು ಎತ್ತರ, ಜೀಪಿನದು ಸುಮಾರು 28. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಎರಡೂ ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲೇ ತೆವಳುತ್ತವೆ! ನಲವತ್ತು ವರ್ಷಗಳ ಅಂತರದಲ್ಲಿಯೂ ಈ ಅಂಕಿ ಕದಲಿಲ್ಲ, ಏಕೆಂದರೆ ಕಲ್ಲುಬಂಡೆಯ ಏರಿನಲ್ಲಿ ಬೇಕಾಗುವುದು ಮನುಷ್ಯ ನಡೆಯುವ ವೇಗ. ನಿಜವಾದ ವ್ಯತ್ಯಾಸ ಬೇರೆ ಎರಡು ಕಡೆ ಇದೆ. ಹಮ್ವೀಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ನಿಂತಲ್ಲಿಂದ ಎಳೆಯುವ ಬಲವನ್ನು ಹೆಚ್ಚಿಸುತ್ತದೆ, ಮತ್ತು ಕ್ಲಚ್ ಪ್ಲೇಟ್ ಸುಡುವ ಮಾತೇ ಇಲ್ಲ. ಹಬ್ಬಿನ ಹಲ್ಲುಚಕ್ರದಿಂದಾಗಿ ಆ್ಯಕ್ಸಲ್ ಚಕ್ರದ ನಡುಮಟ್ಟಕ್ಕಿಂತ ಮೇಲೆ ಕೂರುತ್ತದೆ, ನೆಲದಿಂದ 16 ಇಂಚು ಎತ್ತರ ಸಿಗುತ್ತದೆ, ಆ್ಯಕ್ಸಲ್ ಶಾಫ್ಟಿನ ಮೇಲೆ ಬೀಳುವ ತಿರುಚುಬಲವೂ ಸುಮಾರು ಅರ್ಧಕ್ಕಿಳಿಯುತ್ತದೆ. ಬದಲಿಗೆ ನಾಲ್ಕು ಹಬ್ಬುಗಳಲ್ಲೂ ಬೇರೆ ಬೇರೆ ಆಯಿಲ್, ಬೇರೆ ಬೇರೆ ಸೀಲು. ಆಳದ ನೀರು ದಾಟಿ ಬಂದ ಮೇಲೆ ಪ್ರತಿಯೊಂದರ ಆಯಿಲ್ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಆ ಹಬ್ಬನ್ನು ಹಾಗೆಯೇ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಅಂದಹಾಗೆ, ಹಬ್ಬಿನಲ್ಲಿ ಹಲ್ಲುಚಕ್ರ ಇಡುವುದು ಹಮ್ವೀಯ ಹೊಸ ಶೋಧವಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಕ್ಯೂಬೆಲ್‌ವ್ಯಾಗನ್‌ನ ಹಿಂದಿನ ಚಕ್ರಗಳಲ್ಲಿ ಅದೇ ಉಪಾಯವಿತ್ತು. ಆ ಗಾಡಿ ಫೋರ್ ವೀಲ್ ಡ್ರೈವ್ ಕೂಡ ಅಲ್ಲ, ಹಿಂದಿನ ಎರಡೇ ಚಕ್ರ ಎಳೆಯುತ್ತಿದ್ದವು. ಆದರೂ ಮರಳಿನಲ್ಲಿ ಚೆನ್ನಾಗಿ ಓಡಿತು, ಏಕೆಂದರೆ ಖಾಲಿ ತೂಕ ಸುಮಾರು 725 ಕೆ.ಜಿ. ಮಾತ್ರ.

ಹಳೆಯ ಗಾಡಿಗಳನ್ನು ಇಂದು ಓಡಿಸುವವರು ಮೊದಲು ತಿಳಿಯಬೇಕಾದ ವಿಷಯ ಪಾರ್ಟ್ ಟೈಮ್ ಫೋರ್ ವೀಲ್, ಅಂದರೆ ಲಿವರ್ ಹಾಕಿದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವ ಏರ್ಪಾಡು. ಜೀಪಿನ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಆಗುವುದಿಲ್ಲ, ಶಾಫ್ಟ್‌ಗಳು ತಿರುಚಿಕೊಳ್ಳುತ್ತವೆ, ಸ್ಟಿಯರಿಂಗ್ ಭಾರವಾಗುತ್ತದೆ, ಲಿವರ್ ಸಿಕ್ಕಿಹಾಕಿಕೊಂಡು ಬಾರದೇ ಹೋಗುತ್ತದೆ. ಆಗ ಲಿವರಿಗೆ ಬಲ ಹಾಕಿ ಜಗ್ಗಬಾರದು. ಸ್ಟಿಯರಿಂಗ್ ನೇರ ಮಾಡಿ ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲವಾಗಿ ಲಿವರ್ ತಾನಾಗಿ ಬರುತ್ತದೆ. ನೇರ ದಾರಿಯಲ್ಲೂ ಹೀಗಾಗುತ್ತಿದ್ದರೆ ಟೈರುಗಳನ್ನು ಅಳೆಯಿರಿ: ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆಯ ವ್ಯತ್ಯಾಸವೇ ಈ ಕೆಲಸ ಮಾಡುತ್ತದೆ. ನಾಲ್ಕೂ ಒಂದೇ ಗಾತ್ರ, ಒಂದೇ ಸವೆತದವು ಇರಬೇಕು. ಹಮ್ವೀಯಲ್ಲಿ ಮಧ್ಯದ ಡಿಫರೆನ್ಶಿಯಲ್ ಇರುವುದರಿಂದ ನಾಲ್ಕೂ ಚಕ್ರ ಸದಾ ಎಳೆಯುತ್ತವೆ, ಡಾಂಬರಿನಲ್ಲೂ ತೊಂದರೆಯಿಲ್ಲ. ಅದನ್ನು ಲಾಕ್ ಮಾಡಿಟ್ಟು ರಸ್ತೆಗೆ ಬಂದರೆ ಮಾತ್ರ ಹಳೆಯ ಜೀಪಿನ ಕಷ್ಟವೇ ಇದಕ್ಕೂ.

ಜೀಪಿನ ಆ್ಯಕ್ಸಲ್‌ಗಳ ಡಿಫರೆನ್ಶಿಯಲ್ ತೆರೆದ ಬಗೆಯದು, ಅಂದರೆ ಒಂದು ಚಕ್ರ ಹಿಡಿತ ಕಳೆದುಕೊಂಡರೆ ಜೊತೆಯ ಚಕ್ರಕ್ಕೂ ಬಲ ಸಿಗದು. ಕರ್ಣರೇಖೆಯಲ್ಲಿ ಎರಡು ಚಕ್ರ ಗಾಳಿಗೆದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಚಕ್ರದಡಿ ಕಲ್ಲು ತುಂಬುವುದು ಅಥವಾ ಎಳೆಸುವುದು ಬಿಟ್ಟರೆ ದಾರಿಯಿಲ್ಲ. ಹಮ್ವೀಯಲ್ಲಿ ಎರಡೂ ಆ್ಯಕ್ಸಲ್‌ಗೆ ಟಾರ್ಸನ್ ಡಿಫರೆನ್ಶಿಯಲ್. ಹಿಡಿತ ಕಡಿಮೆಯಿರುವ ಚಕ್ರದಲ್ಲಿ ಎಷ್ಟು ಬಲ ನಿಲ್ಲುತ್ತದೋ ಅದರ ಕೆಲವು ಪಟ್ಟನ್ನು ಇದು ಇನ್ನೊಂದಕ್ಕೆ ದಾಟಿಸುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಆ ಬಲ ಸೊನ್ನೆ, ಸೊನ್ನೆಯ ಎಷ್ಟು ಪಟ್ಟಾದರೂ ಸೊನ್ನೆಯೇ. ಅದಕ್ಕೇ ಚಾಲಕರಿಗೆ ಕಲಿಸುವ ಕ್ರಮವೊಂದಿದೆ: ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು, ಬಲಗಾಲಿನಿಂದ ಆ್ಯಕ್ಸಿಲರೇಟರ್ ನಿಧಾನವಾಗಿ ಕೊಡುವುದು. ಬ್ರೇಕು ಗಾಳಿಯಲ್ಲಿರುವ ಚಕ್ರಕ್ಕೆ ತಡೆ ಒಡ್ಡಿ, ನೆಲದಲ್ಲಿರುವ ಚಕ್ರಕ್ಕೆ ಬಲ ಹರಿಸುತ್ತದೆ. ಈಚಿನ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದು ಇದನ್ನೇ, ಒಂದೊಂದು ಚಕ್ರಕ್ಕೂ ಪ್ರತ್ಯೇಕವಾಗಿ. ಒಂದು ಚಕ್ರದ ಸೆನ್ಸರಿಗೆ ಕೆಸರು ಮೆತ್ತಿದರೆ ಅಥವಾ ಅದರ ವೈರ್ ಹರಿದರೆ ಆ ಸೌಲಭ್ಯ ನಿಂತುಹೋಗುತ್ತದೆ ಎಂಬುದನ್ನು ಮರೆಯಬಾರದು.

ಟೈರಿನ ಗಾಳಿಯಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ, ಇದರಲ್ಲಿ ಹಳೆಯದು ಹೊಸದು ಎಂಬ ಭೇದವೂ ಇಲ್ಲ. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡಕ್ಕೆ ಸಮ. 30 ಪಿಎಸ್‌ಐ ಇದ್ದದ್ದನ್ನು 15ಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಸುಮಾರು ಇಮ್ಮಡಿಯಾಗುತ್ತದೆ. ಹೀಗೆ ಇಳಿಸಿದ ಮೇಲೆ ಗಂಟೆಗೆ 20–25 ಕಿ.ಮೀ. ಮೀರಬಾರದು, ಸ್ಟಿಯರಿಂಗ್ ಒಮ್ಮೆಗೇ ಪೂರ್ತಿ ತಿರುಗಿಸಬಾರದು, ಟೈರು ರಿಮ್ಮಿನಿಂದ ಕಳಚುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಗಾಳಿ ತುಂಬಬೇಕು, ಇಲ್ಲವಾದರೆ ಪಕ್ಕದ ಗೋಡೆ ಬಿಸಿಯಾಗಿ ಸೀಳುತ್ತದೆ. ಜೆಎಲ್‌ಟಿವಿಯಲ್ಲಿ ಚಾಲಕ ಕುಳಿತಲ್ಲಿಂದಲೇ ಗಾಳಿ ಏರಿಳಿಸಬಹುದು. ನೆಲ ನೀರು ಎರಡರಲ್ಲೂ ಓಡುವ ಡಕ್ ಎಂಬ ಲಾರಿಯಲ್ಲಿ ಈ ಏರ್ಪಾಡು ಎರಡನೇ ಮಹಾಯುದ್ಧದಲ್ಲೇ ಇತ್ತು.

ಹೊಸದಾದ ಮಾತ್ರಕ್ಕೆ ಎಲ್ಲದರಲ್ಲೂ ಮೇಲು ಎನ್ನಲಾಗದು ಎಂಬುದಕ್ಕೆ 1960ರಲ್ಲಿ ಬಂದ ಫೋರ್ಡ್ ಎಂ151 ಸಾಕ್ಷಿ. ಲೀಫ್ ಸ್ಪ್ರಿಂಗ್ ಬಿಟ್ಟು ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಕೊಟ್ಟರು, ಸವಾರಿ ಹಿತವಾಯಿತು. ಆದರೆ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಇರಲಿಲ್ಲ, ಹಿಂದಿನ ಸ್ವಿಂಗ್ ಆ್ಯಕ್ಸಲ್ ವೇಗದ ತಿರುವಿನಲ್ಲಿ ಹೊರಚಕ್ರವನ್ನು ಅಡಿಗೆ ಮಡಚಿ ಗಾಡಿಯನ್ನೇ ಮಗುಚುತ್ತಿತ್ತು. 1970ರ ಎ2 ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ ಬದಲಿಸಬೇಕಾಯಿತು. ಮಗುಚುವ ಅಪಾಯದ ಕಾರಣದಿಂದ ಸೇವೆ ಮುಗಿಸಿದ ಎಂ151ಗಳನ್ನು ಇಡಿಯಾಗಿ ಸಾರ್ವಜನಿಕರಿಗೆ ಮಾರದೆ ಕತ್ತರಿಸಿ ಹಾಕಿದರು.

ವಿದ್ಯುತ್ತಿನ ವಿಷಯ ಚಿಕ್ಕದಾಗಿ. ಜೀಪಿನದು 6 ವೋಲ್ಟ್, ಅದೇ ಕೆಲಸಕ್ಕೆ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯಬೇಕು. ಸೆಲ್ಫ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನು ದೂರುವ ಮೊದಲು ಅರ್ತ್ ಪಟ್ಟಿಯನ್ನು ಎರಡೂ ತುದಿಯಲ್ಲಿ ಉಜ್ಜಿ ಬಿಗಿ ಮಾಡಿ. ಹಮ್ವೀಯಂಥ 24 ವೋಲ್ಟ್ ಗಾಡಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ರೇಡಿಯೊ, ಚಾರ್ಜರ್‌ಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ. ಅದು ಸದಾ ಅರೆಹೊಟ್ಟೆಯಲ್ಲಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ, ಎರಡೂ ಬೇಗ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ನಮ್ಮ ಸೇನೆಯ ಮಾರುತಿ ಜಿಪ್ಸಿ ಮತ್ತು ಅದರ ಜಾಗಕ್ಕೆ ಬಂದ ಡೀಸೆಲ್ ಗಾಡಿಗಳ ಚರ್ಚೆಗೂ ಇದೇ ಅಳತೆ ಸಲ್ಲುತ್ತದೆ. ಜಿಪ್ಸಿ ಸುಮಾರು ಒಂದು ಟನ್, 1.3 ಲೀಟರ್ ಪೆಟ್ರೋಲ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಧನ ಚಿಮ್ಮಿಸುವ) ಮಾದರಿಯಲ್ಲಿ 80 ಅಶ್ವಶಕ್ತಿ. ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರ್ ಎತ್ತರಕ್ಕೆ ಹತ್ತಿರಹತ್ತಿರ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 4,500 ಮೀಟರಿನಲ್ಲಿ 80ರಲ್ಲಿ ಉಳಿಯುವುದು 48ರ ಆಸುಪಾಸು. ಸೇನೆ 2017ರಲ್ಲಿ 3,192 ಸಂಖ್ಯೆಯಲ್ಲಿ ತರಿಸಲು ಒಪ್ಪಿದ ಟಾಟಾ ಸಫಾರಿ ಸ್ಟಾರ್ಮ್ ಟರ್ಬೊ ಡೀಸೆಲ್ ಆದ್ದರಿಂದ ಅಲ್ಲಿಯೂ ಬಹುಪಾಲು ಶಕ್ತಿ ಉಳಿಸಿಕೊಳ್ಳುತ್ತದೆ, 800 ಕೆ.ಜಿ. ಹೊರುತ್ತದೆ. ಆದರೆ ಗಾಡಿಯ ತೂಕವೇ ಸುಮಾರು ಎರಡು ಟನ್. ಜತೆಗೆ ಕೊರೆಯುವ ಚಳಿಯಲ್ಲಿ ಸಾಮಾನ್ಯ ಡೀಸೆಲ್ ಮೇಣಗಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ, ಪೆಟ್ರೋಲಿಗೆ ಆ ಕಷ್ಟವಿಲ್ಲ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆಂದು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಈ ಕಾರಣಕ್ಕೆ. ಆ ಇಂಧನ ತಲುಪುವ ಕಡೆ ಸ್ಟಾರ್ಮ್ ಮೇಲು, ಕಿರಿದಾದ ಮೆತ್ತನೆಯ ದಾರಿಯಲ್ಲಿ ಜಿಪ್ಸಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ತೂಕದ ಬೆಲೆಯನ್ನು ಅಮೆರಿಕದ ಸೇನೆಯೂ ಮತ್ತೆ ಲೆಕ್ಕ ಹಾಕಿದೆ. 2020ರಲ್ಲಿ ಅದು ಜಿಎಂ ಡಿಫೆನ್ಸ್‌ಗೆ ಕೊಟ್ಟ ಐಎಸ್‌ವಿ ಎಂಬ ಪದಾತಿದಳದ ಗಾಡಿಯ ಗುತ್ತಿಗೆಯಲ್ಲಿ ಒಂಬತ್ತು ಸೈನಿಕರು ಸಾಮಾನಿನೊಡನೆ ಕೂರಬೇಕು, ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಕೆಳಗೆ ನೇತುಹಾಕಿ ಸಾಗಿಸುವಂತಿರಬೇಕು. ಅದಕ್ಕಾಗಿ ಗಾಡಿಯನ್ನು 2,270 ಕೆ.ಜಿ.ಯ ಒಳಗೆ ಹಿಡಿದಿಟ್ಟರು. ಷೆವ್ರೊಲೆ ಕೊಲೊರಾಡೊ ಪಿಕಪ್ಪಿನ ಬಿಡಿಭಾಗಗಳನ್ನೇ ಬಹುಪಾಲು ಬಳಸಿದ್ದಾರೆ. ಬಾಗಿಲಿಲ್ಲ, ಕವಚವೂ ಇಲ್ಲ. ಗುಂಡು ತಡೆಯಬೇಕಾದ ಕಡೆಗೆ ಇದನ್ನು ಕಳಿಸುವಂತಿಲ್ಲ. ಜೆಎಲ್‌ಟಿವಿ ಹೋಗಲಾರದ ದಾರಿಗೆ ಇದನ್ನು ಕಳಿಸಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದು ಅಂಕ ಕೊಡುವುದು ಎರಡಕ್ಕೂ ಅನ್ಯಾಯ.

ಇತಿ,
ನಿಮ್ಮ ಪತ್ರಿಕೆಯ ಓದುಗ