ನಾಯಿ ಸಾಕಿದ ಮನೆಗೆ ಸೈಕಸ್ ಬೇಡ

ಮಾನ್ಯ ಸಂಪಾದಕರೇ,

ಹದಡಿ ರಸ್ತೆ ಕಡೆ ನಾನೊಂದು ಸಣ್ಣ ನರ್ಸರಿ ನಡೆಸುತ್ತೇನೆ. ಈಚೆಗೆ ಗಿಡ ಕೊಳ್ಳಲು ಬರುವವರು ನೀರೆಷ್ಟು, ಬಿಸಿಲೆಷ್ಟು ಅಂತ ಕೇಳುವ ಮೊದಲೇ ‘ಮನೇಲಿ ನಾಯಿ ಇದೆ, ಇದು ಪರವಾಗಿಲ್ವಾ?’ ಅನ್ನುತ್ತಾರೆ. ಕೇಳಬೇಕಾದ್ದೇ. ಆದರೆ ಹೀಗೆ ಕೇಳುವುದು ಕಣಗಿಲೆ ಮುಂದೆ ನಿಂತಾಗ ಮಾತ್ರ. ತಾಳೆಯಂತೆ ಕಾಣುವ ಅಲಂಕಾರದ ಗಿಡ ಸೈಕಸ್ ಮುಂದೆ ನಿಂತಾಗ ಬೆಲೆ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಕಣಗಿಲೆ ವಿಷ, ಸುಳ್ಳಲ್ಲ. ಎಲೆ, ಹೂವು, ಕಾಂಡ ಎಲ್ಲವೂ ಹೃದಯದ ಬಡಿತ ಕೆಡಿಸುತ್ತವೆ. ಒಣಗಿದ ಮೇಲೂ ವಿಷ ಹೋಗುವುದಿಲ್ಲ, ಹಾಗಾಗಿ ಸವರಿದ ಟೊಂಗೆಗಳನ್ನು ಅಂಗಳದಲ್ಲಿ ಬಿಡಬೇಡಿ. ಈಗ ಎಲ್ಲರೂ ಕುಂಡದಲ್ಲಿ ಬೆಳೆಸುವ ಅಡೀನಿಯಂನಲ್ಲೂ ಇಂಥದ್ದೇ ವಿಷ ಇದೆ. ಆದರೆ ಕಣಗಿಲೆ ಬಲು ಕಹಿ, ನಾಯಿ ಸಾಮಾನ್ಯವಾಗಿ ಹೆಚ್ಚು ತಿನ್ನಲ್ಲ. ಶಿವಪೂಜೆಗೆ ಅಂತ ಹಿತ್ತಲಲ್ಲಿ ಬೆಳೆಸಿದ ನಮ್ಮ ಅಜ್ಜಿಯಂದಿರಿಗೆ ಅದರ ಗುಣ ಚೆನ್ನಾಗಿ ಗೊತ್ತಿತ್ತು.

ಸೈಕಸ್ ವಿಚಾರ ಬೇರೆ. ಹೊಸ ಮನೆಯ ಗೇಟಿನ ಎರಡೂ ಬದಿ, ಕಲ್ಯಾಣ ಮಂಟಪದ ಮುಂದೆ, ಎಲ್ಲಿ ನೋಡಿದರೂ ಅದೇ. ನೀರು ಕಮ್ಮಿ ಸಾಕು, ನಮ್ಮ ಏಪ್ರಿಲ್ ಬಿಸಿಲಿಗೂ ಜಗ್ಗಲ್ಲ. ಸಾಗೋ ಪಾಮ್ ಅಂತ ಕರೆಯುವುದರಿಂದ ಅರೆಕಾ ಪಾಮ್‌ನ ನೆಂಟ ಅಂದುಕೊಂಡು ಒಯ್ಯುತ್ತಾರೆ. ಅರೆಕಾ ನಾಯಿಗೆ ಏನೂ ಮಾಡಲ್ಲ. ಸೈಕಸ್‌ನಲ್ಲಿ ಬೇರಿನಿಂದ ಎಲೆ ತುದಿಯವರೆಗೆ ವಿಷ, ಬೀಜದಲ್ಲಂತೂ ಜಾಸ್ತಿ. ವಯಸ್ಸಾದ ಹೆಣ್ಣು ಗಿಡದ ನಡುನೆತ್ತಿಯಲ್ಲಿ, ಕಂದು ರೋಮ ಹೊದ್ದ ಎಸಳುಗಳ ಸಂದಿಯಲ್ಲಿ ಬೀಜ ಕಟ್ಟುತ್ತದೆ. ಎಸಳು ಬಿಡಿಸಿ ನೋಡಿ, ಥೇಟ್ ಚನ್ನಗಿರಿಯ ಹಣ್ಣಡಿಕೆ! ಉದುರಿ ಉರುಳಿದರೆ ನಾಯಿಮರಿ ಬಿಡುತ್ತಾ? ಕಚ್ಚಿಕೊಂಡು ಓಡುತ್ತದೆ, ಅಗಿಯುತ್ತದೆ. ಒಂದೆರಡು ಬೀಜಕ್ಕೂ ನಾಯಿ ಸಾಯಬಹುದು.

ಮೊದಲು ವಾಂತಿ, ಭೇದಿ. ವಾಂತಿ ನಿಂತಿತು ಅಂತ ಸುಮ್ಮನಿರಬೇಡಿ. ಎರಡು ಮೂರು ದಿನದಲ್ಲಿ ಲಿವರ್ ಕೈಕೊಡಬಹುದು, ಕಣ್ಣು, ಒಸಡು ಹಳದಿಗೆ ತಿರುಗಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಹೋದರೆ ಪಶುವೈದ್ಯರು ವಾಂತಿ ಮಾಡಿಸಿ, ಇದ್ದಿಲ ಔಷಧಿ ಕೊಟ್ಟು, ಡ್ರಿಪ್ ಹಾಕಿ ಪ್ರಯತ್ನಿಸುತ್ತಾರೆ. ಆದರೂ ಎಲ್ಲಾ ನಾಯಿಗಳು ಉಳಿಯುವುದಿಲ್ಲ. ಮನೆಯಲ್ಲಿ ಉಪ್ಪು ನೀರು ಕುಡಿಸುವ ಸಾಹಸ ಬೇಡ, ಅದೇ ಇನ್ನೊಂದು ವಿಷವಾಗುತ್ತದೆ. ಅಗಿದು ಉಳಿದ ಚೂರನ್ನು ಕವರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿ.

ದಾಸವಾಳ, ಮಲ್ಲಿಗೆ ಧೈರ್ಯವಾಗಿ ಬೆಳೆಸಿ. ಮನಿ ಪ್ಲಾಂಟ್ ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ.

ನಾಯಿ ಇರುವವರಿಗೆ ನಾನು ಸೈಕಸ್ ಮಾರುವುದಿಲ್ಲ. ದೊಡ್ಡ ಗಿಡಕ್ಕೆ ಸಾವಿರಗಟ್ಟಲೆ ಬೆಲೆ, ಗಿರಾಕಿ ವಾಪಸ್ ಹೋದರೆ ಹೊಟ್ಟೆ ಉರಿಯದೇ ಇರುತ್ತಾ? ಆದರೂ ಬೇಡ. ಈಗಾಗಲೇ ನೆಟ್ಟವರು ನಾಯಿ ಮೂತಿ ತೂರದಂಥ ಜಾಲರಿ ಕಟ್ಟಿಸಿ, ಬೀಜ ಬಲಿಯುವ ಮೊದಲೇ ಕತ್ತರಿಸಿ ತೆಗೆಸಿ.

ಉಳಿದ ನರ್ಸರಿಯವರೂ ಬೆಲೆ ಚೀಟಿಯಲ್ಲೇ ‘ನಾಯಿಗೆ ವಿಷ’ ಅಂತ ಬರೆಯಲಿ, ಒಂದು ಪೆನ್ನಿನ ಖರ್ಚು ಅಷ್ಟೇ ಅಲ್ವಾ? ನಮ್ಮೂರ ಗಾಜಿನ ಮನೆಯಲ್ಲಿ ಮುಂದಿನ ಸಲ ಫಲಪುಷ್ಪ ಪ್ರದರ್ಶನ ನಡೆದಾಗ ತೋಟಗಾರಿಕೆ ಇಲಾಖೆಯವರು ಇಂಥ ಗಿಡಗಳ ಪಕ್ಕ ಕನ್ನಡದಲ್ಲೊಂದು ಫಲಕ ಇಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ನರ್ಸರಿ ನಡೆಸುವ ಓದುಗ ಮಹಿಳೆ, ದಾವಣಗೆರೆ