ಭಾನುವಾರ ಬನ್ನೇರುಘಟ್ಟಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬೆಕ್ಕು ಸಾಕಿರುವವರು ಇದನ್ನು ಪೂರ್ತಿ ಓದಿ.

2023ರಲ್ಲಿ ಇದೇ ಪಾರ್ಕಿನಲ್ಲಿ ಏಳು ಚಿರತೆ ಮರಿಗಳು ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಸ್ ರೋಗ ಬಂದು ಸತ್ತವು. ಲಸಿಕೆ ಹಾಕಿಸಿದ್ದರೂ ಉಳಿಯಲಿಲ್ಲ, ಪಾಪ. ಮನೆ ಬೆಕ್ಕುಗಳಿಗೆ ಬರುವುದೂ ಇದೇ ವೈರಸ್ಸು. ವಾಂತಿ, ಭೇದಿ ಶುರುವಾದರೆ ಮರಿಗಳು ಕೆಲವೇ ದಿನಗಳಲ್ಲಿ ಕೈಬಿಟ್ಟು ಹೋಗಬಹುದು. ಮನುಷ್ಯರಿಗೆ ಬರುವುದಿಲ್ಲ. ಆದರೆ ನಮ್ಮ ಚಪ್ಪಲಿ, ಬಟ್ಟೆಗೆ ಅಂಟಿಕೊಂಡು ಊರೆಲ್ಲ ಸುತ್ತುತ್ತದೆ, ತಿಂಗಳುಗಟ್ಟಲೆ ಸಾಯುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆಲ್ಲ ಜಗ್ಗುವುದಿಲ್ಲ, ಬ್ಲೀಚ್ ನೀರೇ ಬೇಕು.

ಹಾಗಾಗಿ ಬೆಕ್ಕಿಗೆ ಹುಷಾರಿಲ್ಲದವರು ಈ ಸಲ ಬರಬೇಡಿ. ಬೇಜಾರಾಗಬೇಡಿ, ಕಟ್ಟಿದ ದುಡ್ಡು ವಾಪಸ್ ಕೊಡುತ್ತೇವೆ. ಉಳಿದವರು ಒಗೆದ ಬಟ್ಟೆ, ತೊಳೆದ ಶೂ ಹಾಕಿಕೊಂಡು ಬನ್ನಿ. ಗೇಟಿನಲ್ಲಿ ಕಾಲು ಅದ್ದಲು ಔಷಧಿ ನೀರು ಇಟ್ಟಿದ್ದರೆ ಮಕ್ಕಳು ಹಾರಿ ದಾಟದ ಹಾಗೆ ನೋಡಿಕೊಳ್ಳಿ, ಹಾರೇ ಹಾರ್ತಾರೆ ಅಲ್ವಾ!

ಬರುತ್ತೀರೋ ಇಲ್ಲವೋ, ಶುಕ್ರವಾರದೊಳಗೆ ತಿಳಿಸಿ.