ಗೆಳೆಯನಿಗೊಂದು ಪತ್ರ: ಸುಸ್ತು ಬೇರೆ, ಡಿಗ್ರಿ ಬೇರೆ

ಪ್ರೀತಿಯ ಮಾರಾಯ,

ಊರಿಗೆ ಹೋದವನು ಫೋನ್ ಮಾಡಿ "ಡಿಸಿಇಟಿ ಬರೆಯಲಾ, ಬೇಡವಾ?" ಅಂತ ಕೇಳಿದೆ, ಅದೇ ಡಿಪ್ಲೊಮಾದವರು ಎಂಜಿನಿಯರಿಂಗ್ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ನಾನು ಬಾಯಿ ತೆರೆಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಉತ್ತರ ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ, ನೀನೊಬ್ಬನೇ ಅಲ್ಲ. ಡಿಪ್ಲೊಮಾ ಮುಗಿಸಿ ಮೀಸೆ ಸರಿಯಾಗಿ ಬರುವ ಮೊದಲೇ ಕೋಡ್ ಬರೆಯಲು ಕೂತವರು, ಈಗ ಕಾಲೇಜಿಗೆ ಹೋಗಿಬಿಡಲಾ ಅಂತ ಯೋಚಿಸುತ್ತಿರುವವರು ಇಲ್ಲಿ ಇನ್ನೂ ಇದ್ದಾರೆ.

ನಿನಗೆ ಸುಸ್ತಾಗಿದೆ. ನಿನ್ನ ಹತ್ತಿರ ಡಿಗ್ರಿಯೂ ಇಲ್ಲ. ಒಂದಕ್ಕೆ ಇನ್ನೊಂದು ಮದ್ದು ಅಂತ ನೀನು ನಂಬಿಕೊಂಡಂತೆ ಕಾಣುತ್ತೆ. ನನ್ನ ಭಯ ಅದೇ.

ನಿನ್ನ ಅಕ್ಕನ ಮದುವೆ ನೆನಪಿದೆಯಾ? ಧಾರೆಗೆ ವಾಲಗ ಊದುತ್ತಿದ್ದರು. ನೀನು ಛತ್ರದ ಉಗ್ರಾಣದಲ್ಲಿ ಪಂಚೆ ಎತ್ತಿ ಕಟ್ಟಿ, ಬಾಳೆಎಲೆ ಕಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನಿನ್ನ ಕಂಪನಿಯ ಪೇಮೆಂಟ್ ಸರ್ವಿಸ್ ಕೆಲಸ ನಿಲ್ಲಿಸಿತ್ತು. ಕಿಟಕಿಯ ಸರಳಿಗೆ ಮೊಬೈಲ್ ಸಿಕ್ಕಿಸಿದರೆ ಮಾತ್ರ ಸಿಗ್ನಲ್. ಸರಿಮಾಡಿ ಹೊರಗೆ ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ನಿನ್ನ ಮುಖದಲ್ಲಿ ಬೇಸರವಾದರೂ ಇರುತ್ತೆ ಅಂದುಕೊಂಡಿದ್ದೆ. ಅದೂ ಇರಲಿಲ್ಲ. ಸುಮ್ನೆ ಊಟದ ಸಾಲಿಗೆ ಹೋಗಿ ಕೂತೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ವಿವರವಾಗಿಯೇ ಬರೆಯಿತು. ಅವರು ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂದರು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸುವುದು. ಮೂರೂ ನಿನಗಿದೆ, ಅಲ್ವಾ?

ಇದನ್ನೆಲ್ಲ ಹೊತ್ತುಕೊಂಡು ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ಮೊದಲ ವರ್ಷ ಬಿಟ್ಟು, ಸೀದಾ ಮೂರನೇ ಸೆಮಿಸ್ಟರಿಗೆ ಹೋಗಿ ಕೂತರೆ ಏನಾಗುತ್ತೆ ಅಂತ ನಾನು ನೋಡಿದ್ದೇನೆ. ಪಿಯುಸಿಯಿಂದ ಬಂದವರು ಅಷ್ಟೊತ್ತಿಗೆ ಒಂದು ವರ್ಷದ ಗಣಿತ ಮುಗಿಸಿರುತ್ತಾರೆ. ಡಿಪ್ಲೊಮಾದವರು ಅಲ್ಲೇ ಉಸಿರು ಕಟ್ಟುವುದು. ಜೊತೆಗೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಅಟೆಂಡೆನ್ಸ್. ಕೆಲಸ ಬಿಡದೆ ಐಐಟಿ ಮದ್ರಾಸಿನ ಆನ್‌ಲೈನ್ ಡಿಗ್ರಿ ಮಾಡಬಹುದು, 2020ರಿಂದ ಇದೆ. ಆದರೆ ಅಲ್ಲೂ ವಾರವಾರ ಅಸೈನ್‌ಮೆಂಟ್. ನಿನಗೆ ಇನ್ನೊಂದು ಡೆಡ್‌ಲೈನ್ ಬೇಕಾ?

ಹಾಗಂತ ಡಿಗ್ರಿ ಬರೀ ಕಾಗದ ಅನ್ನುವವರ ಮಾತನ್ನು ನಾನು ಒಪ್ಪಲ್ಲ. ಕೆಎಎಸ್‌ಗೆ, ಬ್ಯಾಂಕ್ ಪಿಒಗೆ ಡಿಗ್ರಿ ಬೇಕೇ ಬೇಕು. ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾಕ್ಕೆ, ಡಿಗ್ರಿ ಇಲ್ಲದವರಿಗೆ ಕಾಲೇಜಿನ ಒಂದು ವರ್ಷದ ಬದಲು 3 ವರ್ಷದ ಅನುಭವ ಅಂತ ಲೆಕ್ಕ.

ಆದರೆ ನಿನ್ನನ್ನು ಕಾಲೇಜಿಗೆ ಕಳಿಸಬೇಕು ಅಂತ ನನಗೆ ಅನ್ನಿಸುವುದು ಇದಕ್ಕಲ್ಲ, ಡೆಡ್‌ಲಾಕ್‌ಗೆ: ಒಂದು ಪ್ರೋಗ್ರಾಮ್ ಹಿಡಿದಿರುವ ಲಾಕ್‌ಗೆ (ಬೀಗಕ್ಕೆ) ಇನ್ನೊಂದು, ಅದು ಹಿಡಿದಿರುವುದಕ್ಕೆ ಇದು ಕಾಯುತ್ತ ಎರಡೂ ನಿಂತುಬಿಡುವುದು. ಡೆಡ್‌ಲಾಕ್ ಆದಾಗಲೆಲ್ಲ ನೀನು ಸರ್ವಿಸ್ ರೀಸ್ಟಾರ್ಟ್ ಮಾಡಿ ಮಲಗುತ್ತೀಯ. ಯಾಕಾಯ್ತು ಅಂತ ಕೂತು ನೋಡಲು ನಿನಗೆ ಯಾರೂ ಪುರುಸೊತ್ತು ಕೊಟ್ಟಿಲ್ಲ. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ 4 ಷರತ್ತು ಬರೆಯುತ್ತಾರೆ. ನಾಲ್ಕೂ ಕೂಡಿದರೆ ಮಾತ್ರ ಡೆಡ್‌ಲಾಕ್. ಒಂದನ್ನು ಮುರಿದರೂ ಸಾಕು, ಅದು ಆಗುವುದೇ ಇಲ್ಲ. ಉದಾಹರಣೆಗೆ ಲಾಕ್‌ಗಳನ್ನು ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ಕ್ರಮದಲ್ಲಿ ತೆಗೆದುಕೊಳ್ಳಲಿ, ಅಷ್ಟೇ. ನಮಗೆಲ್ಲ ಅದು ಬಾಯಿಪಾಠ ಮಾಡಿ ಬರೆದ ಪ್ರಶ್ನೆ. ನೀನು ಆ ಬೆಂಚಿನಲ್ಲಿದ್ದಿದ್ದರೆ ಎದ್ದು ನಿಂತುಬಿಡುತ್ತಿದ್ದೆ. ನಿದ್ದೆಗೆಟ್ಟ ಎಷ್ಟು ರಾತ್ರಿಗಳಿಗೆ ಅಲ್ಲಿ ಉತ್ತರ ಇತ್ತು! ಕೆಲಸ ಮಾಡಿ ಬಂದವನಿಗೆ ಆ ಪಾಠ ದಕ್ಕುವಷ್ಟು ಹದಿನೆಂಟರ ಹುಡುಗನಿಗೆ ದಕ್ಕಲ್ಲ.

ಇನ್ನೊಂದು ಮಾತಿದೆ. ಬರೆಯುವ ಯೋಚನೆ ಇರಲಿಲ್ಲ.

ನೀನು ಕೇಳಿದಾಗ ನನ್ನ ನಾಲಿಗೆಗೆ ಬಂದದ್ದು "ಬೇಡ" ಅಂತ. ಅದು ನಿನ್ನ ಒಳ್ಳೆಯದಕ್ಕಲ್ಲ. ನೀನು ಹೋದರೆ ವಿಜಯನಗರದ ರೂಮಿನಲ್ಲಿ ನಾನೊಬ್ಬನೇ. ಇತ್ತೀಚೆಗೆ ಆಫೀಸಿನಿಂದ ಬಂದವನು ಶೂ ಕೂಡ ಬಿಚ್ಚದೆ ಬಾಗಿಲ ಪಕ್ಕ ಕೂತಿರುತ್ತೇನೆ. "ಊಟ ಆಯ್ತೇನೋ?" ಅಂತ ನೀನು ಕೇಳಿದ ಮೇಲೇ ಏಳುವುದು. ನೀನು ಊರಿಗೆ ಹೋದ ಮೇಲೆ ಏಳೋಕೆ ತುಂಬ ಹೊತ್ತಾಗುತ್ತಿದೆ. ಮೇಲೆ ಬರೆದ ಮೂರು ಲಕ್ಷಣಗಳನ್ನು ನಾನು ಮೊದಲು ಎಣಿಸಿದ್ದು ನನಗೇ. ನನ್ನ ಹತ್ತಿರ ಡಿಗ್ರಿ ಇದೆ. ಅದು ಇದನ್ನು ತಡೆಯಲಿಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಅಮ್ಮನೂ ಇದನ್ನು ಓದುತ್ತಾಳೆ. ಅಮ್ಮಾ, ಊಟ ಸರಿಯಾಗಿ ಮಾಡ್ತಿದ್ದೇನೆ, ಗಾಬರಿ ಬೇಡ. ರಜೆಯನ್ನೂ ಕೇಳಿದ್ದೇನೆ.

ನೀನು ಈಗಲೇ ಬರಬೇಡ. ಇನ್ನೂ ಸ್ವಲ್ಪ ದಿನ ಮಲಗು, ತೋಟಕ್ಕೆ ಹೋಗು. ಮೈ ಹಗುರಾದ ಮೇಲೂ ಡೆಡ್‌ಲಾಕ್ ಯಾಕಾಗುತ್ತೆ ಅಂತ ತಿಳಿಯುವ ಆಸೆ ಉಳಿದಿದ್ದರೆ ಫಾರ್ಮ್ ತುಂಬು. ಗಣಿತ ನಾನು ಹೇಳಿಕೊಡುತ್ತೇನೆ. ಬಾಡಿಗೆ ಚಿಂತೆ ಮಾಡಬೇಡ, ನಿನ್ನ ಜಾಗಕ್ಕೆ ಬರಲು ಕಾದಿರುವ ದಂಡನಾಯಕರು ನಿನ್ನ ಮಂಚಕ್ಕೆ ಆಗಲೇ ಕಣ್ಣು ಹಾಕಿದ್ದಾರೆ. ಮಂಚ ಕೊಡುತ್ತೇನೆ. ಕುಕ್ಕರ್ ಮಾತ್ರ ಅವರ ಕೈಗೆ ಕೊಡಲ್ಲ, ನಿನ್ನಾಣೆ.

ನಿನ್ನ,
ರೂಮ್‌ಮೇಟು